‘ಮಿನಿಮಮ್ ಡ್ಯೂ’ ಕಟ್ಟಿ ಸುಮ್ಮನಾಗಬೇಡಿ

ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಕೃಷಿಕರು ಗಮನಿಸಿ. ನಮಗೆ ದುಡ್ಡು ಬರುವುದು ಅಡಿಕೆ ಕೊಟ್ಟಾಗ, ಕ್ರೆಡಿಟ್ ಕಾರ್ಡಿನ ಬಿಲ್ಲು ಮಾತ್ರ ತಿಂಗಳು ತಿಂಗಳು. ‘ಮಿನಿಮಮ್ ಡ್ಯೂ’ (ಬಿಲ್ಲಿನಲ್ಲಿ ಕನಿಷ್ಠ ಇಷ್ಟು ಕಟ್ಟಲೇಬೇಕು ಎಂದು ತೋರಿಸುವ ಮೊತ್ತ) ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಅನೇಕ ಕಾರ್ಡುಗಳಲ್ಲಿ ಅದು ತಿಂಗಳಿಗೆ ಶೇ. 3ಕ್ಕೂ ಮೇಲೆ, 50,000 ಬಾಕಿಗೆ 1,500ಕ್ಕಿಂತ ಹೆಚ್ಚು, ಜಿಎಸ್‌ಟಿ ಬೇರೆ. ಬಾಕಿ ಇಟ್ಟುಕೊಂಡು ಉಪ್ಪಳ ಪೇಟೆಯಲ್ಲಿ ಕಾರ್ಡ್ ಹಾಕಿ ಹೊಸದೇನಾದರೂ ಕೊಂಡರೆ ಅದಕ್ಕೂ ಆ ದಿನದಿಂದಲೇ ಬಡ್ಡಿ. ಕಾರ್ಡ್ ಹಾಕಿ ಎಟಿಎಮ್ಮಿನಿಂದ ನಗದು ತೆಗೆಯುವುದಂತೂ ಬೇಡವೇ ಬೇಡ.

ಕೈಯಲ್ಲಿ ದುಡ್ಡೇ ಇಲ್ಲದಿದ್ದರೆ ಸಹಕಾರಿ ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟು ಕಾರ್ಡ್ ಚುಕ್ತಾ ಮಾಡಿ, ಬಡ್ಡಿ ಎಷ್ಟೋ ಕಡಿಮೆ (ಮನೆಯವರನ್ನು ಒಪ್ಪಿಸುವುದು ನಿಮ್ಮ ಪಾಡು). ಸಂಬಳದವರು, ಸಂಬಳ ಬಂದ ಕೂಡಲೇ ಬಿಲ್ಲು ಕಟ್ಟಲು ಅನುಕೂಲವಾಗುವಂತೆ ಬಿಲ್ಲಿಂಗ್ ದಿನಾಂಕ ಬದಲಿಸಲು ಕಾರ್ಡ್ ಕೊಟ್ಟ ಬ್ಯಾಂಕನ್ನು ಕೇಳಿ. 2022ರಿಂದಲೇ ಆರ್‌ಬಿಐ ನಿಯಮದಲ್ಲಿ ಆ ಅವಕಾಶ ಇದೆ.