ಶೇ 98 ಅಂಕ ತೆಗೆದ ಮಾಡೆಲ್‌ನ ಉತ್ತರಪತ್ರಿಕೆ ತಿದ್ದುವುದು ಹೇಗೆ?

ಕೈಬರಹದ ಕನ್ನಡ ಅಂಕಿಗಳನ್ನು ಗುರುತಿಸುವ ಸಣ್ಣದೊಂದು ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ‘ಮಾಡೆಲ್’, ಕಟ್ಟಲು ಒಂದು ಮಧ್ಯಾಹ್ನ ಸಾಕು. ಅದು ತೋರಿಸುವ ‘ಶೇ 98 ಉತ್ತರ ಸರಿ’ ಎಂಬ ಅಂಕ ನಿಜವೋ ಪೊಳ್ಳೋ ಎಂದು ತಿಳಿಯಲು ಒಂದು ವಾರವಾದರೂ ಬೇಕು. ಮಷೀನ್ ಲರ್ನಿಂಗ್ ಸಂಶೋಧನೆಯ ಕಸುಬು ಇರುವುದು ಈ ಎರಡನೆಯ ಕೆಲಸದಲ್ಲಿ. ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ವರದಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದೂ ಅದೇ. ಕೆಳಗಿನ ಹಂತಗಳಿಗೆ ಒಂದು ಸಾಧಾರಣ ಲ್ಯಾಪ್‌ಟಾಪ್, ಪೈಥಾನ್ ಭಾಷೆ, ಅದರ ನಂಪೈ, ಸೈಕಿಟ್-ಲರ್ನ್ ಮತ್ತು ಪೈಟಾರ್ಚ್ ಲೈಬ್ರರಿಗಳು ಇದ್ದರಾಯಿತು. ಜಿಪಿಯು (ಗ್ರಾಫಿಕ್ಸ್ ಚಿಪ್) ಇದ್ದರೆ ಬೇಗ ಮುಗಿಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ಡೇಟಾ ತನ್ನಿ, ಬಂದದ್ದು ಯಾರ ಕೈಬರಹ ಎಂದು ಕೇಳಿ

2019ರಲ್ಲಿ ಸಂಶೋಧಕ ವಿನಯ್ ಪ್ರಭು ‘ಕನ್ನಡ-ಎಂನಿಸ್ಟ್’ ಎಂಬ ಡೇಟಾಸೆಟ್ ಬಿಡುಗಡೆ ಮಾಡಿದರು. ೦ರಿಂದ ೯ರವರೆಗಿನ ಕನ್ನಡ ಅಂಕಿಗಳ 60,000 ಚಿತ್ರಗಳು ಟ್ರೈನಿಂಗ್‌ಗೆ (ಮಾಡೆಲ್‌ಗೆ ಕಲಿಸಲು), 10,000 ಟೆಸ್ಟ್‌ಗೆ (ಕಲಿತದ್ದನ್ನು ಪರೀಕ್ಷಿಸಲು). ಒಂದೊಂದೂ 28×28 ಪಿಕ್ಸೆಲ್‌ನ ಕಪ್ಪು-ಬಿಳುಪು ಚಿತ್ರ. ಒಂದು ಚಿತ್ರಕ್ಕೆ 784 ಬೈಟ್, ಇಡೀ ಟ್ರೈನಿಂಗ್ ಸೆಟ್ ಸುಮಾರು 47 ಎಂಬಿ. ಬೆಂಗಳೂರಿನಲ್ಲಿ ಕನ್ನಡ ಬಲ್ಲ 65 ಮಂದಿ ಇವನ್ನು ಬರೆದುಕೊಟ್ಟವರು.

ಇದರ ಜೊತೆಗೇ ‘ಡಿಗ್-ಎಂನಿಸ್ಟ್’ ಎಂಬ ಇನ್ನೊಂದು ಕಟ್ಟು ಇದೆ: 10,240 ಚಿತ್ರಗಳು. ಬರೆದವರು ಅಮೆರಿಕದಲ್ಲಿದ್ದ 8 ಮಂದಿ, ಕನ್ನಡ ಬಳಸದವರು. ತಲಾ 1,280 ಅಂಕಿ. ಅಕ್ಷರದ ಅಚ್ಚು ನೋಡಿ ನಕಲು ಮಾಡುವವರ ಕೈ ಹೇಗಿರುತ್ತದೋ ಹಾಗೆಯೇ ಇವರ ಬರಹ. ಮೊದಲ ಕಟ್ಟಿನಲ್ಲಿ ಕಲಿತ ಮಾಡೆಲ್ ಅದೇ ಕಟ್ಟಿನ ಟೆಸ್ಟ್‌ನಲ್ಲಿ ಶೇ 97ರ ಆಸುಪಾಸು ತೆಗೆದರೆ, ಈ ಎರಡನೆಯ ಕಟ್ಟಿನಲ್ಲಿ ಶೇ 76ರ ಆಸುಪಾಸಿಗೆ ಇಳಿಯುವುದನ್ನು ಮೂಲ ಪ್ರಬಂಧವೇ ತೋರಿಸಿದೆ. ಅಂಕಿ ಅವೇ ಹತ್ತು, ಬದಲಾಗಿದ್ದು ಕೈ ಮತ್ತು ಕಾಗದ. ಈ ಇಪ್ಪತ್ತು ಚಿಲ್ಲರೆ ಅಂಕದ ಅಂತರವನ್ನು ಕಣ್ಣೆದುರು ಇಟ್ಟುಕೊಂಡೇ ಮುಂದಿನ ಕೆಲಸ ಮಾಡಿ.

ಡೇಟಾ ಸ್ಪರ್ಧೆಗಳ ಜಾಲತಾಣ ಕ್ಯಾಗಲ್‌ನಲ್ಲಿ ಸಿಗುವ ಟೆಸ್ಟ್ ಕಡತಕ್ಕೆ ಉತ್ತರಗಳಿಲ್ಲ, ಅದು ಸ್ಪರ್ಧೆಗೆಂದು ಮಾಡಿದ್ದು. ಲೇಬಲ್ (ಚಿತ್ರದಲ್ಲಿರುವುದು ಯಾವ ಅಂಕಿ ಎಂಬ ಉತ್ತರ) ಇರುವ ಟೆಸ್ಟ್ ಬೇಕಿದ್ದರೆ ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿರುವ ಮೂಲ ಕಡತಗಳನ್ನೇ ಇಳಿಸಿಕೊಳ್ಳಿ.

ಹಂತ 2: ಕೋಡ್ ಬರೆಯುವ ಮುಂಚೆ 200 ಚಿತ್ರ ನೋಡಿ

ಪ್ರತಿ ಅಂಕಿಯಿಂದ 20ರಂತೆ ಆರಿಸಿ ಒಂದೇ ಪರದೆಯಲ್ಲಿ ಹರಡಿ. ಹತ್ತು ನಿಮಿಷದ ಕೆಲಸ. ಮುಂದೆ ಮಾಡೆಲ್ ಎಲ್ಲಿ ಎಡವುತ್ತದೆ ಎಂಬುದರ ಅರ್ಧದಷ್ಟು ಇಲ್ಲೇ ಕಾಣುತ್ತದೆ. ೧ ಎಂದರೆ ಪೂರ್ತಿ ಮುಚ್ಚದ ವೃತ್ತ. ದಪ್ಪ ಪೆನ್ನಿನಲ್ಲಿ ಅವಸರದಿಂದ ಬರೆದು, ಆಮೇಲೆ 28 ಪಿಕ್ಸೆಲ್‌ಗೆ ಕುಗ್ಗಿಸಿದರೆ ಆ ಸಣ್ಣ ಬಾಯಿ ಮುಚ್ಚಿಕೊಂಡು ೦ ಆಗಿಬಿಡುತ್ತದೆ. ೬ ಮತ್ತು ೯ರ ನಡುವೆ ಇರುವುದು ಬಾಲ ಯಾವ ಕಡೆ ತಿರುಗಿದೆ ಎಂಬಷ್ಟೇ ವ್ಯತ್ಯಾಸ. ೩ ಮತ್ತು ೭ ಅಚ್ಚಿನಲ್ಲೇ ಅಣ್ಣತಮ್ಮಂದಿರು, ಕೈಬರಹದಲ್ಲಂತೂ ಅವಳಿ. ಈ ಪತ್ರಿಕೆಯೂ ಸೇರಿದಂತೆ ಎಲ್ಲೆಡೆ 3, 7 ಎಂದೇ ಓದಿ ರೂಢಿಯಾದ ನಮ್ಮಲ್ಲೇ ಎಷ್ಟೋ ಮಂದಿ ಬಸ್ಸಿನ ಬೋರ್ಡಿನ ಮೇಲಿನ ೩೭ ಓದಲು ಅರೆಕ್ಷಣ ತಡವರಿಸುತ್ತೇವೆ.

ಚಿತ್ರ ನೋಡುವಾಗಲೇ ಎರಡು ಸಂಗತಿ ಖಚಿತ ಮಾಡಿಕೊಳ್ಳಿ. ಒಂದು, ಅಂಕಿ ಬಿಳಿ, ಹಿನ್ನೆಲೆ ಕಪ್ಪು ಇದೆಯೇ. ಎರಡು, ಪ್ರತಿ ಅಂಕಿಯೂ ಸಮನಾಗಿದೆಯೇ. ಟ್ರೈನಿಂಗ್ ಸೆಟ್‌ನಲ್ಲಿ ತಲಾ 6,000 ಇರಬೇಕು. ಸಮನಾಗಿದ್ದರೆ ಕಣ್ಣುಮುಚ್ಚಿ ಒಂದೇ ಉತ್ತರ ಹೇಳುವ ಮಾಡೆಲ್‌ಗೆ ಶೇ 10 ಸಿಗುತ್ತದೆ. ಅದು ನಿಮ್ಮ ನೆಲಮಟ್ಟ.

ಹಂತ 3: ಪ್ರಶ್ನೆಪತ್ರಿಕೆ ಸೋರದಂತೆ ಕಟ್ಟು ಒಡೆಯಿರಿ

60,000ದಲ್ಲಿ 10,000 ಚಿತ್ರಗಳನ್ನು ವ್ಯಾಲಿಡೇಷನ್‌ಗೆ, ಅಂದರೆ ಅಭ್ಯಾಸ ಪರೀಕ್ಷೆಗೆ, ಬೇರೆ ಇಡಿ, 50,000ದಲ್ಲಿ ಕಲಿಸಿ. ಎಷ್ಟು ಪದರ ಬೇಕು, ಕಲಿಕೆಯ ವೇಗ ಎಷ್ಟಿರಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನಗಳೆಲ್ಲ ವ್ಯಾಲಿಡೇಷನ್ ನೋಡಿಯೇ ಆಗಬೇಕು. ಟೆಸ್ಟ್ ಸೆಟ್ ಮತ್ತು ಡಿಗ್-ಎಂನಿಸ್ಟ್ ಕೊನೆಯ ದಿನದವರೆಗೆ ಬೀಗದೊಳಗಿರಲಿ. ದಿನಕ್ಕೆ ಹತ್ತು ಸಲ ಟೆಸ್ಟ್ ಅಂಕ ನೋಡಿ, ಅದು ಏರಿದ ಬದಲಾವಣೆಯನ್ನಷ್ಟೇ ಉಳಿಸಿಕೊಳ್ಳುತ್ತ ಹೋದರೆ ಪ್ರಶ್ನೆಪತ್ರಿಕೆ ಸೋರಿದಂತೆಯೇ. ಇಲ್ಲಿ ಸೋರಿಸಿದವರೂ ನೀವೇ, ಮೋಸ ಹೋದವರೂ ನೀವೇ.

ಸೋರಿಕೆಗೆ ಇನ್ನೊಂದು ಕಳ್ಳದಾರಿ ಇದೆ. ಚಿತ್ರಗಳನ್ನು ಕಲಸಿ ಮನಬಂದಂತೆ ಕತ್ತರಿಸಿದರೆ ಒಬ್ಬರದೇ ಬರಹ ಎರಡೂ ಕಡೆ ಬಂದುಬಿಡುತ್ತದೆ. ಮಾಡೆಲ್ ಅಂಕಿಯ ಜೊತೆಗೆ ಆ ವ್ಯಕ್ತಿಯ ಕೈಯ ಒಲವನ್ನೂ ಕಲಿತು, ವ್ಯಾಲಿಡೇಷನ್‌ನಲ್ಲಿ ಅದನ್ನೇ ಮತ್ತೆ ಕಂಡು ಅಂಕ ಗಿಟ್ಟಿಸುತ್ತದೆ. ಇಂಗ್ಲಿಷ್ ಅಂಕಿಗಳ ಮೂಲ ಎಂನಿಸ್ಟ್ ಕಟ್ಟಿದ ಯಾನ್ ಲೆಕುನ್, ಕೊರಿನಾ ಕಾರ್ಟೆಸ್, ಕ್ರಿಸ್ಟೊಫರ್ ಬರ್ಜಸ್ ಈ ಬಗ್ಗೆ ಎಚ್ಚರ ವಹಿಸಿದ್ದರು: ಟ್ರೈನಿಂಗ್‌ನ ಬರಹಗಾರರು ಬೇರೆ, ಟೆಸ್ಟ್‌ನವರು ಬೇರೆ. ಅದರ ಮೂಲ ಕಟ್ಟುಗಳಲ್ಲಿ ಒಂದನ್ನು ಬರೆದವರು ಜನಗಣತಿ ಕಚೇರಿಯ ನೌಕರರು, ಇನ್ನೊಂದನ್ನು ಬರೆದವರು ಹೈಸ್ಕೂಲು ಮಕ್ಕಳು. ನೌಕರರ ಬರಹ ಚೊಕ್ಕ, ಮಕ್ಕಳದು ಗಜಿಬಿಜಿ. ಒಂದರಲ್ಲಿ ಕಲಿಸಿ ಇನ್ನೊಂದರಲ್ಲಿ ಪರೀಕ್ಷಿಸಿದರೆ ಫಲಿತಾಂಶ ವಾಲುತ್ತದೆ ಎಂದು ಎರಡನ್ನೂ ಬೆರೆಸಿದರು.

ಕ್ಯಾಗಲ್‌ನ ಸಿಎಸ್‌ವಿ ಕಡತದಲ್ಲಿ ಲೇಬಲ್ ಮತ್ತು 784 ಪಿಕ್ಸೆಲ್ ಬಿಟ್ಟರೆ ಬರೆದವರ ಗುರುತು ಇಲ್ಲ. ಹಾಗಾಗಿ ನಿಮ್ಮ ವ್ಯಾಲಿಡೇಷನ್ ಅಂಕ ತುಸು ಉದಾರವಾಗಿಯೇ ಇರುತ್ತದೆ. ಇದಕ್ಕೆ ಮದ್ದು ಹಂತ 6ರಲ್ಲಿದೆ.

ಹಂತ 4: ಮೊದಲು ಬಡ ಮಾಡೆಲ್

ಪ್ರತಿ ಪಿಕ್ಸೆಲ್‌ಗೆ ಒಂದೊಂದು ತೂಕ ಕೊಟ್ಟು ಕೂಡುವ ಸರಳ ವಿಧಾನ, ಲಾಜಿಸ್ಟಿಕ್ ರಿಗ್ರೆಷನ್ ಓಡಿಸಿ. 784×10 ತೂಕಗಳು (ಕಲಿಯುತ್ತ ಹೊಂದಿಸಿಕೊಳ್ಳುವ ಸಂಖ್ಯೆಗಳು), 10 ಬಯಾಸ್ (ಕೊನೆಗೆ ಕೂಡಿಸುವ ಸಂಖ್ಯೆಗಳು), ಒಟ್ಟು 7,850 ಸಂಖ್ಯೆಗಳಷ್ಟೇ. ನೆರೆಯ ಮೂರು ಚಿತ್ರ ನೋಡಿ ಉತ್ತರ ಹೇಳುವ ಕೆ-ನಿಯರೆಸ್ಟ್ ನೇಬರ್ ಕೂಡ ಓಡಿಸಿ. ಈ ಎರಡರ ಅಂಕ ಬರೆದಿಟ್ಟುಕೊಳ್ಳಿ. ನಾಲ್ಕು ಲಕ್ಷ ತೂಕಗಳ ನೆಟ್‌ವರ್ಕ್ ಇವನ್ನು ಸೋಲಿಸದಿದ್ದರೆ ತಪ್ಪು ನೆಟ್‌ವರ್ಕ್‌ನದಲ್ಲ, ನಿಮ್ಮ ಕೋಡ್‌ನದು.

ಹಂತ 5: ನೆಟ್‌ವರ್ಕ್ ಕಟ್ಟಿ, ಕಲಿಸುವ ಮುಂಚೆ ಮೂರು ಪರೀಕ್ಷೆ

ವಿನ್ಯಾಸ ಸರಳವಾಗಿರಲಿ. 3×3 ಅಳತೆಯ 32 ಫಿಲ್ಟರ್‌ಗಳ ಕನ್ವಲ್ಯೂಷನ್ ಪದರ (ಚಿತ್ರದ ಮೇಲೆ ಸಣ್ಣ ಕಿಂಡಿ ಸರಿಸುತ್ತ ಗೆರೆ, ತಿರುವು ಹುಡುಕುವುದು), ಅಂಚಿಗೆ ಒಂದು ಪಿಕ್ಸೆಲ್ ಸೊನ್ನೆ ಸೇರಿಸಿ, ರೆಲು (ಋಣ ಸಂಖ್ಯೆಗಳನ್ನು ಸೊನ್ನೆ ಮಾಡುವುದು), 2×2 ಮ್ಯಾಕ್ಸ್ ಪೂಲಿಂಗ್ (ನಾಲ್ಕರಲ್ಲಿ ದೊಡ್ಡದನ್ನಷ್ಟೇ ಉಳಿಸುವುದು). ಮತ್ತೆ ಅದೇ ಬಗೆಯಲ್ಲಿ 64 ಫಿಲ್ಟರ್‌ಗಳು. 28 ಇದ್ದದ್ದು 14 ಆಗಿ, ಆಮೇಲೆ 7 ಆಗುತ್ತದೆ. ಅಲ್ಲಿಂದ 7×7×64, ಅಂದರೆ 3,136 ಸಂಖ್ಯೆಗಳು 128ರ ಪದರಕ್ಕೆ, ಕೊನೆಗೆ 10 ಉತ್ತರಗಳಿಗೆ. ಎಲ್ಲ ಕೂಡಿದರೆ 4,21,642 ತೂಕಗಳು, ಅದರಲ್ಲಿ 4,01,536 ಆ 128ರ ಪದರವೊಂದರಲ್ಲೇ. ಪೈಟಾರ್ಚ್ ತೋರಿಸುವ ಮೊತ್ತ ಇದಕ್ಕೆ ತಾಳೆಯಾಗದಿದ್ದರೆ ಎಲ್ಲೋ ಪದರ ತಪ್ಪಿದೆ. ಆಡಮ್ ಆಪ್ಟಿಮೈಜರ್ (ತೂಕ ತಿದ್ದುವ ವಿಧಾನ), ಕಲಿಕೆಯ ವೇಗ 0.001, ಬ್ಯಾಚ್ (ಒಂದು ಹೆಜ್ಜೆಗೆ ತೋರಿಸುವ ಚಿತ್ರಗಳು) 64. ಆಗ ಒಂದು ಎಪಾಕ್‌ಗೆ (ಎಲ್ಲ ಚಿತ್ರಗಳ ಒಂದು ಸುತ್ತಿಗೆ) 782 ಹೆಜ್ಜೆ. 10ರಿಂದ 15 ಎಪಾಕ್ ಸಾಕು.

ಈಗ ಮೂರು ಪರೀಕ್ಷೆ. ಮೊದಲನೆಯದು: ಏನೂ ಕಲಿಯದ ನೆಟ್‌ವರ್ಕ್‌ನ ಲಾಸ್ (ಉತ್ತರ ಎಷ್ಟು ತಪ್ಪಿದೆ ಎಂಬ ಅಳತೆ) ಸುಮಾರು 2.3 ಇರಬೇಕು. ಹತ್ತು ಉತ್ತರಗಳಲ್ಲಿ ಯಾವುದೆಂದು ಗೊತ್ತಿಲ್ಲದವರ ಲಾಸ್ ಹತ್ತರ ಸ್ವಾಭಾವಿಕ ಲಾಗರಿದಮ್, 2.303. ಶುರುವಿನಲ್ಲೇ 9 ಎಂದು ತೋರಿಸಿದರೆ ಪಿಕ್ಸೆಲ್‌ಗಳನ್ನು ಅವುಗಳ ಗರಿಷ್ಠ ಬೆಲೆ 255ರಿಂದ ಭಾಗಿಸಲು ಮರೆತಿರುವ ಸಾಧ್ಯತೆ ಹೆಚ್ಚು.

ಎರಡನೆಯದು: 20 ಚಿತ್ರಗಳನ್ನಷ್ಟೇ ಕೊಟ್ಟು 200 ಸಲ ಕಲಿಸಿ. ಲಾಸ್ ಸೊನ್ನೆಯ ಹತ್ತಿರ ಬರಲೇಬೇಕು. ಇಪ್ಪತ್ತನ್ನೂ ಬಾಯಿಪಾಠ ಮಾಡಲಾಗದ ನೆಟ್‌ವರ್ಕ್‌ಗೆ ಐವತ್ತು ಸಾವಿರ ಕೊಟ್ಟು ಪ್ರಯೋಜನವಿಲ್ಲ. ಇಲ್ಲಿ ಲಾಸ್ 1.46ಕ್ಕೆ ಬಂದು ಕಚ್ಚಿಕೊಂಡು ನಿಂತರೆ ಕಾರಣ ಬಹುತೇಕ ಒಂದೇ: ಕೊನೆಯ ಪದರದಲ್ಲಿ ನೀವು ಸಾಫ್ಟ್‌ಮ್ಯಾಕ್ಸ್ (ಉತ್ತರಗಳನ್ನು ಸಂಭವನೀಯತೆಗಳಾಗಿಸುವ ಸೂತ್ರ) ಹಾಕಿದ್ದೀರಿ, ಪೈಟಾರ್ಚ್‌ನ ಕ್ರಾಸ್ ಎಂಟ್ರಪಿ ಲಾಸ್ ಒಳಗೇ ಮತ್ತೊಮ್ಮೆ ಹಾಕಿಕೊಂಡಿದೆ. ಎರಡು ಸಲ ಹಾಕಿದಾಗ ಉತ್ತರ ನೂರಕ್ಕೆ ನೂರು ಸರಿ ಇದ್ದರೂ ಲಾಸ್ 1.461ರ ಕೆಳಗೆ ಇಳಿಯಲಾರದು. ನಿಮ್ಮ ಸಾಫ್ಟ್‌ಮ್ಯಾಕ್ಸ್ ತೆಗೆಯಿರಿ.

ಮೂರನೆಯದು: ಲೇಬಲ್‌ಗಳನ್ನು ಬೇಕೆಂದೇ ಕಲಸಿ ಕಲಿಸಿ. ವ್ಯಾಲಿಡೇಷನ್ ಅಂಕ ಶೇ 10ರ ಸುತ್ತ ಇರಬೇಕು. ಅದಕ್ಕಿಂತ ಸ್ಪಷ್ಟವಾಗಿ ಮೇಲಿದ್ದರೆ ಎಲ್ಲೋ ಉತ್ತರ ಸೋರುತ್ತಿದೆ.

ಪಿಕ್ಸೆಲ್ ಸರಾಸರಿ ಕಳೆದು ಹದಗೊಳಿಸುವಾಗ ಅಂತರ್ಜಾಲದ ಕೋಡ್‌ಗಳಲ್ಲೆಲ್ಲ ಕಾಣುವ 0.1307 (ಸರಾಸರಿ) ಮತ್ತು 0.3081 (ಹರಡಿಕೆ) ಎಂಬ ಸಂಖ್ಯೆಗಳನ್ನು ಹಾಗೇ ನಕಲು ಮಾಡಬೇಡಿ. ಅವು ಇಂಗ್ಲಿಷ್ ಅಂಕಿಗಳ ಎಂನಿಸ್ಟ್‌ನವು. ನಿಮ್ಮ 50,000 ಚಿತ್ರಗಳಿಂದ ನೀವೇ ಲೆಕ್ಕ ಹಾಕಿ, ವ್ಯಾಲಿಡೇಷನ್ ಸೇರಿಸದೆ. ನೆಟ್‌ವರ್ಕ್‌ಗೆ ಡ್ರಾಪ್‌ಔಟ್ (ಕಲಿಸುವಾಗ ಕೆಲವು ಕೊಂಡಿಗಳನ್ನು ಮನಬಂದಂತೆ ಮುಚ್ಚುವ ತಂತ್ರ) ಸೇರಿಸಿದ್ದು, ಪರೀಕ್ಷಿಸುವಾಗ ಮಾಡೆಲ್ ಅನ್ನು ‘ಇವಾಲ್’ (ಪರೀಕ್ಷೆಯ) ಸ್ಥಿತಿಗೆ ತರುವುದನ್ನು ಮರೆತರೆ ಅದು ಚಾಲೂ ಉಳಿದು ಪ್ರತಿ ಸಲವೂ ಬೇರೆ ಅಂಕ ಬರುತ್ತದೆ.

ಚಿತ್ರಗಳನ್ನು ತುಸು ತಿರುಚಿ ಕಲಿಸಿದರೆ ಹೊಸ ಕೈಬರಹಕ್ಕೆ ಮಾಡೆಲ್ ಬೇಗ ಹೊಂದಿಕೊಳ್ಳುತ್ತದೆ. ಎರಡೂ ಕಡೆ 10 ಡಿಗ್ರಿಯಷ್ಟು ತಿರುಗಿಸುವುದು, 2 ಪಿಕ್ಸೆಲ್ ಸರಿಸುವುದು, 0.9ರಿಂದ 1.1 ಪಟ್ಟು ಹಿಗ್ಗಿಸಿ ಕುಗ್ಗಿಸುವುದು, ಇಷ್ಟು ಸಾಕು. ಕನ್ನಡಿಬಿಂಬ ಮಾತ್ರ ಬೇಡವೇ ಬೇಡ. ಬೆಕ್ಕು ನಾಯಿ ಗುರುತಿಸುವ ಕೋಡ್‌ನಿಂದ ಎತ್ತಿಕೊಂಡ ಆ ಒಂದು ಸಾಲು, ಬಾಲದ ದಿಕ್ಕೇ ಗುರುತಾದ ೬ ಮತ್ತು ೯ರ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ.

ಹಂತ 6: ನಿಮ್ಮದೇ ಸಣ್ಣ ಪರೀಕ್ಷಾ ಕಟ್ಟು

ಹೊರಗಿನ ಪರೀಕ್ಷೆ ಇಲ್ಲದೆ ಮೇಲಿನದೆಲ್ಲ ಮನೆಯೊಳಗಿನ ಲೆಕ್ಕ. 12 ಮಂದಿಯಿಂದ ತಲಾ 100 ಅಂಕಿ ಬರೆಸಿ, 1,200 ಚಿತ್ರ ಆಗುತ್ತದೆ. ಎ4 ಹಾಳೆಯಲ್ಲಿ 1.5 ಸೆಂ.ಮೀ. ಚೌಕಗಳು, ಗೆರೆ ತಿಳಿ ನೀಲಿಯದು. ಕಪ್ಪು ಗೆರೆಯಾದರೆ ಅಂಕಿಗೆ ಅಂಟಿಕೊಂಡು ತೆಗೆಯಲು ಬಾರದು. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಚೌಕ ಸುಮಾರು 177 ಪಿಕ್ಸೆಲ್ ಅಗಲ ಬರುತ್ತದೆ. ಹಿರಿಯರು, ಮಕ್ಕಳು, ಎಡಗೈಯವರು, ಬಾಲ್‌ಪೆನ್, ಜೆಲ್ ಪೆನ್ ಎಲ್ಲವೂ ಇರಲಿ.

ಮೊದಲ ಸಾಲು ಪೂರ್ತಿ ೦, ಎರಡನೆಯದು ಪೂರ್ತಿ ೧ ಎಂದು ಬರೆಸಬೇಡಿ. ಹತ್ತು ಸಲ ೩ ಬರೆಯುವ ಕೈ ಮೂರನೆಯದರಿಂದಾಚೆ ಯಾಂತ್ರಿಕವಾಗುತ್ತದೆ. ಜೊತೆಗೆ ಹಾಳೆಯ ಅಂಚಿನಲ್ಲಿ ಸ್ಕ್ಯಾನರ್ ಬಿಡುವ ನೆರಳು ಒಂದೇ ಅಂಕಿಯ ಮೇಲೆ ಬೀಳುತ್ತದೆ. ಅಂಕಿಗಳ ಕ್ರಮವನ್ನು ಕಲಸಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಪಟ್ಟಿ ಕೊಡಿ. ಕಡತದ ಹೆಸರಿನಲ್ಲಿ ಬರೆದವರ ಸಂಕೇತ ಸಂಖ್ಯೆ ಇರಲಿ, ಹೆಸರು ಬೇಡ.

ಆಮೇಲೆ ಪ್ರತಿ ಚೌಕವನ್ನೂ ಕತ್ತರಿಸಿ, ಓಟ್ಸು ವಿಧಾನದಿಂದ ಶಾಯಿ ಮತ್ತು ಕಾಗದ ಬೇರ್ಪಡಿಸಿ, 255ರಿಂದ ಕಳೆದು ಬಣ್ಣ ತಿರುಗುಮುರುಗು ಮಾಡಿ. ಶಾಯಿಯಿರುವಷ್ಟು ಭಾಗವನ್ನು ಉದ್ದಗಲದ ಅನುಪಾತ ಕೆಡದಂತೆ 20×20ರೊಳಗೆ ಕೂರಿಸಿ, ಶಾಯಿಯ ಭಾರಕೇಂದ್ರ 28×28ರ ನಡುವೆ ಬರುವಂತೆ ಇಡಿ. ಮೂಲ ಎಂನಿಸ್ಟ್‌ನ ಪಾಕ ಇದೇ. ಇಷ್ಟಾದ ಮೇಲೆ ನಿಮ್ಮ ಚಿತ್ರಗಳನ್ನು ಟ್ರೈನಿಂಗ್ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿ. ಗೆರೆಯ ದಪ್ಪ, ಅಂಕಿಯ ಗಾತ್ರ ಎದ್ದು ಕಾಣುವಷ್ಟು ಬೇರೆಯಿದ್ದರೆ ಸರಿಪಡಿಸಿ. ಹಾಳೆಯಿಂದ ಬಂದ ಚಿತ್ರಗಳಲ್ಲಿ ಅಂಕ ಏಕಾಏಕಿ ಶೇ 15ಕ್ಕೆ ಕುಸಿದರೆ ಬಣ್ಣ ತಿರುಗಿಸಲು ಮರೆತಿದ್ದೀರಿ ಎಂದೇ ಮೊದಲು ಅನುಮಾನಿಸಿ.

ಹಂತ 7: ಒಂದು ಸಲಕ್ಕೆ ಒಂದೇ ಬದಲಾವಣೆ, ಐದು ಸಲ ಓಟ

‘ತಿರುಚಿ ಕಲಿಸಿದರೆ ಲಾಭವೇ?’ ಎಂಬ ಪ್ರಶ್ನೆ ಕೇಳುವಾಗ ಎಪಾಕ್, ವೇಗ, ಪದರ ಯಾವುದನ್ನೂ ಮುಟ್ಟಬೇಡಿ. ಎರಡು ವಿಧಾನಗಳನ್ನೂ ಐದೈದು ಬೇರೆ ಸೀಡ್‌ಗಳಲ್ಲಿ (ಆರಂಭದ ತೂಕಗಳನ್ನು ಮನಬಂದಂತೆ ಆರಿಸುವಾಗ ಕೊಡುವ ಸಂಖ್ಯೆ) ಓಡಿಸಿ, ಸರಾಸರಿಯ ಜೊತೆ ಕನಿಷ್ಠ, ಗರಿಷ್ಠವನ್ನೂ ಬರೆಯಿರಿ. ಐದರಲ್ಲಿ ಚೆನ್ನಾಗಿ ಬಂದ ಒಂದನ್ನೇ ವರದಿಗೆ ಹಾಕುವುದು ಎಲ್ಲರಿಗೂ ಗೊತ್ತಿರುವ ಕಳ್ಳಾಟ. ಸೀಡ್ ಒಂದೇ ಇದ್ದರೂ ಜಿಪಿಯು ಮೇಲೆ ಫಲಿತಾಂಶ ಕೂದಲೆಳೆಯಷ್ಟು ಬದಲಾಗಬಹುದು. ಕೂಡುವ ಕ್ರಮ ಬದಲಾದಾಗ ದಶಮಾಂಶದ ಕೊನೆಯ ಅಂಕಿಗಳು ಬದಲಾಗುವುದೇ ಕಾರಣ.

ಇನ್ನು ವ್ಯತ್ಯಾಸ ಎಷ್ಟಿದ್ದರೆ ವ್ಯತ್ಯಾಸ? 10,000 ಚಿತ್ರಗಳಲ್ಲಿ ಶೇ 98 ಬಂದರೆ ಆ ಅಂಕ ಮಾದರಿ ಆಯ್ಕೆಯ ಅದೃಷ್ಟದಿಂದಲೇ ಸುಮಾರು 0.27ರಷ್ಟು ಆಚೀಚೆ ಆಗಬಲ್ಲದು. ಒಂದೇ ಕಟ್ಟಿನ ಮೇಲೆ, ಈಗ ವ್ಯಾಲಿಡೇಷನ್ ಮೇಲೆ, ಎರಡು ಮಾಡೆಲ್ ಹೋಲಿಸುವಾಗ ಇನ್ನೂ ಚುರುಕಾದ ಅಳತೆ ಇದೆ, ಮ್ಯಾಕ್ನೆಮರ್ ಪರೀಕ್ಷೆ. ಇಬ್ಬರೂ ಸರಿ ಹೇಳಿದ್ದು, ಇಬ್ಬರೂ ತಪ್ಪಿದ್ದು ಬಿಟ್ಟುಬಿಡಿ. ಹಳೆಯದು ತಪ್ಪಿ ಹೊಸದು ಸರಿ ಹೇಳಿದ ಚಿತ್ರಗಳು 48, ಹೊಸದು ತಪ್ಪಿ ಹಳೆಯದು ಸರಿ ಹೇಳಿದ್ದು 30 ಎಂದಿಟ್ಟುಕೊಳ್ಳಿ. ವ್ಯತ್ಯಾಸ 18, ಅದರಲ್ಲಿ 1 ಕಳೆದರೆ 17, ಅದರ ವರ್ಗ 289. ಅದನ್ನು 48 ಮತ್ತು 30ರ ಮೊತ್ತವಾದ 78ರಿಂದ ಭಾಗಿಸಿದರೆ 3.7. ಇದು ಬರೀ ಅದೃಷ್ಟವಾಗಿರುವ ಸಾಧ್ಯತೆ ಶೇ 5ಕ್ಕಿಂತ ಕಡಿಮೆ ಎನ್ನಲು ಬೇಕಾದ್ದು 3.84. ಅಂದರೆ ಹೊಸ ಮಾಡೆಲ್ ಗೆದ್ದಿತು ಎನ್ನಲು ಇಷ್ಟು ಸಾಕ್ಷ್ಯ ಸಾಲದು, 18 ಅಂಕಿ ಹೆಚ್ಚು ಗುರುತಿಸಿದ್ದರೂ.

ಡಿಗ್-ಎಂನಿಸ್ಟ್‌ನಲ್ಲಿ ಈ ಲೆಕ್ಕಗಳು ಇನ್ನಷ್ಟು ಮೋಸ ಮಾಡುತ್ತವೆ. ಚಿತ್ರ 10,240 ಇದ್ದರೂ ಕೈ ಎಂಟೇ. ಒಬ್ಬರು ೭ನ್ನು ವಕ್ರವಾಗಿ ಬರೆದರೆ 128 ಚಿತ್ರಗಳೂ ಒಟ್ಟಿಗೆ ವಕ್ರ. ಆದ್ದರಿಂದಲೇ ನಿಮ್ಮ 12 ಮಂದಿಯ ಕಟ್ಟಿನಲ್ಲಿ ಒಟ್ಟು ಅಂಕದ ಬದಲು ವ್ಯಕ್ತಿವಾರು ಅಂಕ ಬರೆಯಿರಿ. ಹನ್ನೊಂದು ಮಂದಿಗೆ ಶೇ 95, ಒಬ್ಬರಿಗೆ ಶೇ 60 ಬಂದರೆ ಸರಾಸರಿ ಶೇ 92 ಎಂದು ಚೆನ್ನಾಗಿಯೇ ಕಾಣುತ್ತದೆ. ಆ ಒಬ್ಬರ ಹಾಳೆಯನ್ನು ಮೊದಲು ಕೈಗೆತ್ತಿಕೊಳ್ಳಿ.

ಹಂತ 8: ತಪ್ಪುಗಳನ್ನು ಒಂದೊಂದಾಗಿ ನೋಡಿ

ಹತ್ತು ಸಾಲು, ಹತ್ತು ಕಂಬದ ಕನ್ಫ್ಯೂಷನ್ ಮ್ಯಾಟ್ರಿಕ್ಸ್ ಮಾಡಿ, ಅಂದರೆ ಯಾವ ಅಂಕಿಯನ್ನು ಮಾಡೆಲ್ ಯಾವುದೆಂದು ಎಷ್ಟು ಸಲ ಓದಿತು ಎಂಬ ಕೋಷ್ಟಕ. ದೊಡ್ಡ ಸಂಖ್ಯೆಗಳು ೩-೭, ೬-೯, ೦-೧ ಮನೆಗಳಲ್ಲಿ ಕೂತಿದ್ದರೆ ಮಾಡೆಲ್ ಮನುಷ್ಯರಂತೆಯೇ ತಪ್ಪುತ್ತಿದೆ. ಸಂಬಂಧವೇ ಇಲ್ಲದ ೨ ಮತ್ತು ೮ರ ನಡುವೆ ಗುಂಪಾಗಿದ್ದರೆ ಲೇಬಲ್ ಕಡತದ ಸಾಲು ಜಾರಿದೆಯೇ ಎಂದು ನೋಡಿ. ಮಾಡೆಲ್ ಅತಿ ಹೆಚ್ಚು ಆತ್ಮವಿಶ್ವಾಸದಿಂದ ತಪ್ಪಿದ 50 ಚಿತ್ರಗಳನ್ನು ಪ್ರಿಂಟ್ ತೆಗೆದು, ಉತ್ತರ ಮರೆಮಾಡಿ, ಕನ್ನಡ ಅಂಕಿ ಬಲ್ಲ ಮೂವರಿಗೆ ಓದಲು ಕೊಡಿ. ಮೂವರೂ ಮಾಡೆಲ್ ಹೇಳಿದ್ದನ್ನೇ ಹೇಳಿದ ಚಿತ್ರಗಳು ಕೆಲವಾದರೂ ಸಿಗಬಹುದು. ಅವನ್ನು ಕಟ್ಟಿನಿಂದ ಕಿತ್ತುಹಾಕಬೇಡಿ, ಲೇಬಲ್ ತಿದ್ದಿ ಅಂಕವನ್ನೂ ಏರಿಸಿಕೊಳ್ಳಬೇಡಿ. ಪಟ್ಟಿ ಮಾಡಿ ವರದಿಯಲ್ಲಿ ಪ್ರತ್ಯೇಕವಾಗಿ ಹಾಕಿ: ಲೇಬಲ್ ಏನು, ಮಾಡೆಲ್ ಏನು ಹೇಳಿತು, ಮೂವರು ಏನು ಓದಿದರು. ಟೆಸ್ಟ್ ಸೆಟ್‌ನ ಬೀಗ ತೆಗೆಯುವುದು ಇದೆಲ್ಲ ಮುಗಿದ ಮೇಲೆ, ಒಂದೇ ಒಂದು ಸಲ.