ಒಂದು ರಕ್ತದ ರಿಪೋರ್ಟು, ಒಂದು ಗಡಿಯಾರ

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಕಿರಾಣಿ ಅಂಗಡಿ ಇಟ್ಟಿರುವ ಹಿರಿಯರೊಬ್ಬರನ್ನು ಮಗ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದ. "ನೆನಪು ಛಲೋ ಐತ್ರಿ ಸರ್. ಆದ್ರ ಉದ್ರಿ ಲೆಕ್ಕ ಕೂಡಸೂದ್ರಾಗ ಭಾಳ ಗೊಂದಲ ಆಗಾಕತ್ತೈತ್ರಿ." ಬಿಪಿ, ಶುಗರ್ ಎರಡೂ ಹಳೆಯವು. ಬಿಪಿ ಗುಳಿಗೆ ಮಾತ್ರ ತಲೆ ಭಾರ ಆದಾಗಷ್ಟೇ.

ಹಾಳೆ ಕೊಟ್ಟು ಗಡಿಯಾರ ಬರೆಸಿದೆ. ವೃತ್ತ ಸರಿ, ಅಂಕಿಗಳೂ ಸರಿ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದೆ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. ಒಂದು ಮುಳ್ಳು 11ಕ್ಕೆ ಎಳೆದರು, ಇನ್ನೊಂದನ್ನು 10ಕ್ಕೆ. ಹತ್ತು ಅಂತ ಕಿವಿಗೆ ಬಿತ್ತು, ಕೈ ಹತ್ತಕ್ಕೇ ಹೋಯಿತು. ಆದರೆ ಮೊದಲು ಹೇಳಿದ್ದ ಐದು ಪದಗಳಲ್ಲಿ ನಾಲ್ಕನ್ನು ಆಮೇಲೆ ಸಲೀಸಾಗಿ ಹೇಳಿದರು. ಮಿದುಳಿನ ಸಣ್ಣ ರಕ್ತನಾಳ ಕೆಟ್ಟಾಗ ಹೆಚ್ಚಾಗಿ ಹೀಗೇ ಆಗುತ್ತದೆ. ಮೊದಲು ಯೋಚನೆ ನಿಧಾನ ಆಗುತ್ತದೆ, ಲೆಕ್ಕ ತಪ್ಪುತ್ತದೆ. ಮರೆವು ತಡವಾಗಿ ಬರುತ್ತದೆ. ಎಂಆರ್‌ಐಯಲ್ಲೂ ಬಿಳಿ ಕಲೆಗಳು ಕಂಡವು.

ಬಿ12, ಥೈರಾಯ್ಡ್ ಸರಿ ಇದ್ದವು. ಆಮೇಲೆ ಎನ್‌ಎಫ್‌ಎಲ್ ಬರೆದೆ, ಅಂದರೆ ನ್ಯೂರೋಫಿಲಮೆಂಟ್ ಲೈಟ್ ಚೈನ್. ನರದ ಎಳೆಯೊಳಗೆ ಬಿದಿರುಗಳುವಿನ ಹಾಗೆ ನಿಂತಿರುವ ಪ್ರೋಟೀನು ಇದು. ಎಳೆ ಮುರಿದರೆ ಸೋರಿ, ಚೂರುಪಾರು ರಕ್ತಕ್ಕೂ ಬರುತ್ತದೆ. ಅಳೆಯುವುದು ಪಿಕೋಗ್ರಾಂನಲ್ಲಿ: ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು! ಹಿಂದೆ ಇದಕ್ಕೆ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯಬೇಕಿತ್ತು.

ರಿಪೋರ್ಟಿನಲ್ಲಿ ಅಂಕಿ ವಯಸ್ಸಿಗೆ ಮೀರಿ ಜಾಸ್ತಿ ಇತ್ತು. "ನರಕ್ಕೆ ಪೆಟ್ಟು ಭಾಳ ಆಗಿದೆ" ಅಂತ ಮಗನಿಗೆ ಹೇಳಿಯೂಬಿಟ್ಟೆ. ಆ ಹುಡುಗನ ಮುಖ ಇಳಿದುಹೋಯಿತು. ವಾರದ ಮೇಲೆ ಬೇರೆ ಯಾವುದಕ್ಕೋ ಮಾಡಿಸಿದ ಕಿಡ್ನಿ ಟೆಸ್ಟಿನಲ್ಲಿ ಕ್ರಿಯಾಟಿನಿನ್ 2.1 ಬಂತು, ಇರಬೇಕಾದ್ದಕ್ಕಿಂತ ಜಾಸ್ತಿ. ಕಿಡ್ನಿ ಸೋತವರಲ್ಲಿ ಎನ್‌ಎಫ್‌ಎಲ್ ಅಂಕಿ ಹಾಗೇ ಏರಿರುತ್ತದೆ. ಅದನ್ನು ಮೊದಲೇ ನೋಡಬೇಕಿತ್ತು, ಅಲ್ವಾ? ಇಪ್ಪತ್ತು ವರ್ಷದ ಶುಗರ್ ಎದುರಿಗೇ ಕೂತಿತ್ತು. ಅಪ್ಪ, ಮಗ ಇಬ್ಬರನ್ನೂ ಕರೆಸಿ, ನಾನು ಹೇಳಿದ್ದು ಹೆಚ್ಚಾಯಿತು ಅಂತ ಒಪ್ಪಿಕೊಂಡೆ.

ಈಗ ಕ್ರಿಯಾಟಿನಿನ್ ನೋಡದೆ ಈ ಟೆಸ್ಟ್ ಬರೆಯುವುದಿಲ್ಲ. ಪಾರ್ಶ್ವವಾಯು ಹೊಡೆದ ಹೊಸದರಲ್ಲೂ ಬೇಡ. ಆಗ ಏರಿದ ಅಂಕಿ ತಿಂಗಳುಗಟ್ಟಲೆ ಇಳಿಯುವುದಿಲ್ಲ. ಇನ್ನೊಂದು ಮಾತು: ಎನ್‌ಎಫ್‌ಎಲ್ ಪೆಟ್ಟು ಬಿದ್ದಿದೆ ಅನ್ನುತ್ತದೆ, ಹೊಡೆದವರು ಯಾರು ಅಂತ ಹೇಳುವುದಿಲ್ಲ. ಅಲ್ಝೈಮರ್ ಅನುಮಾನ ಇದ್ದರೆ ಪಿ-ಟೌ217 ಅನ್ನುವ ಇನ್ನೊಂದು ಪ್ರೋಟೀನನ್ನು ಬೇರೆಯೇ ನೋಡಬೇಕು. ಎಷ್ಟೋ ಮಂದಿಯಲ್ಲಿ ಅಲ್ಝೈಮರ್, ರಕ್ತನಾಳದ ತೊಂದರೆ ಎರಡೂ ಕೂಡಿಯೇ ಇರುತ್ತವೆ. ದುಡ್ಡು ಹಾಕಿ ಎಲ್ಲರಿಗೂ ಸುಮ್ನೆ ಮಾಡಿಸುವ ಟೆಸ್ಟ್ ಇದಲ್ಲ. ಗಡಿಯಾರದ ಹಾಳೆಗೆ ಖರ್ಚೇ ಇಲ್ಲ.

ರಿಪೋರ್ಟು ಏನೇ ಹೇಳಲಿ, ನನ್ನ ಕೈಯಲ್ಲಿದ್ದದ್ದು ಬಿಪಿ. 2019ರ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ ಮೇಲಿನ ಬಿಪಿಯನ್ನು 120ಕ್ಕಿಂತ ಕೆಳಗಿಡಲು ಬಿಗಿಯಾಗಿ ಚಿಕಿತ್ಸೆ ಪಡೆದವರಲ್ಲಿ ಬುದ್ಧಿ ಸ್ವಲ್ಪ ಮಂಕಾಗುವ ತೊಂದರೆ ಕಡಿಮೆ ಕಂಡಿತ್ತು. ಇವರಿಗೆ ಅಷ್ಟು ಇಳಿಸಲು ಹೋಗಲಿಲ್ಲ, ಎದ್ದು ನಿಂತರೆ ತಲೆ ತಿರುಗುತ್ತಿತ್ತು.

ಆರು ತಿಂಗಳ ಮೇಲೆ ಎರಡೂ ಟೆಸ್ಟ್ ಮತ್ತೆ ಮಾಡಿಸಿದೆ. ಎನ್‌ಎಫ್‌ಎಲ್, ಕ್ರಿಯಾಟಿನಿನ್ ಎರಡೂ ಇದ್ದಲ್ಲೇ ಇದ್ದವು. ಗಡಿಯಾರದ ಮುಳ್ಳು ಈ ಸಲವೂ 10ಕ್ಕೇ ಹೋಯಿತು. ಮಗ ಉದ್ರಿ ಪುಸ್ತಕ ತೆಗೆದು ಹಿಂದಿನ ಹಾಳೆ ತೋರಿಸಿದ. ಗಿರಾಕಿಗಳ ಬಾಕಿಯ ಹಾಗೆಯೇ ಗೆರೆ ಹಾಕಿ, ದಿನಾ ಬೆಳಗಿನ ಬಿಪಿ ಬರೆದಿದ್ದ.