ಗಾಲರಿಗೆ ಊರು ಕಟ್ಟಿಕೊಟ್ಟದ್ದು

'ರೋಮ್: ಟೋಟಲ್ ವಾರ್' 2004ರಲ್ಲಿ ಬಂದ ಕಂಪ್ಯೂಟರ್ ಯುದ್ಧದಾಟ. ಇಷ್ಟು ಹಳೆಯದನ್ನು ಇನ್ನೂ ಹಿಡಿದುಕೊಂಡಿರುವುದಕ್ಕೆ ಕಾರಣ, ಅದರ ಹೊಟ್ಟೆಯಲ್ಲಿರುವ ಬಹುಪಾಲು ಲೆಕ್ಕಾಚಾರ ನೋಟ್‌ಪ್ಯಾಡಿನಲ್ಲಿ ತೆರೆದು ತಿದ್ದಬಹುದಾದ ಟೆಕ್ಸ್ಟ್ ಫೈಲುಗಳಲ್ಲಿದೆ. ಯಾವ ಸೈನಿಕನಿಗೆ ಎಷ್ಟು ಕವಚ, ಯಾವ ಊರಲ್ಲಿ ಏನು ಕಟ್ಟಬಹುದು, ಯಾರಿಗೆ ಎಷ್ಟು ಧೈರ್ಯ, ಎಲ್ಲವೂ ಒಂದೊಂದು ಸಾಲು. ಅದರಲ್ಲಿ ಗಾಲ್, ಅಂದರೆ ಇಂದಿನ ಫ್ರಾನ್ಸ್ ಕಡೆಯ ಕೆಲ್ಟ್ ಜನರ ಪಕ್ಷ ಆಡಿದವರಿಗೆ ಗೊತ್ತು: ಮೈಮೇಲೆ ಬಟ್ಟೆಯಿಲ್ಲದ ಹುಚ್ಚು ವೀರರು, ರೋಮನ್ನರ ನಗರಗಳು ಬೆಳೆಯುತ್ತಲೇ ಇದ್ದರೆ ಒಂದು ಹಂತಕ್ಕೆ ನಿಂತುಹೋಗುವ ಮರದ ಬೇಲಿಯ ಊರುಗಳು. ಇದನ್ನು ಸರಿಮಾಡೋಣ ಅಂತ ಕೂತೆ.

ಮೊದಲ ಕೆಲಸ ಫೈಲು ತೆರೆಯುವುದಲ್ಲ, ಯಾವ ಕೆಲ್ಟರು, ಯಾವ ವರ್ಷ ಅಂತ ತೀರ್ಮಾನಿಸುವುದು. ಆಸ್ಟ್ರಿಯದ ಹಾಲ್‌ಸ್ಟಾಟ್‌ನ ಉಪ್ಪಿನ ಗಣಿಯಿಂದ ಹಿಡಿದು ಇಂದಿನ ಟರ್ಕಿಯಲ್ಲಿ ನೆಲೆನಿಂತ ಗಲಾಷಿಯನ್ನರವರೆಗೆ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿದರೆ ಕಲಬೆರಕೆಯೇ ಆಗುವುದು. 'ಸಿವಿಲೈಸೇಷನ್ 5' ಎಂಬ ಆಟದಲ್ಲಿ ಬ್ರಿಟನ್ನಿನ ರಾಣಿ ಬೌಡಿಕಾಳ ಕೆಲ್ಟರಿಗೆ ವಿಶೇಷ ಕಟ್ಟಡ ಅಂತ ಸಿಕ್ಕಿದ್ದು ಕೇಲಿ ಹಾಲ್, ಸ್ಕಾಟ್ಲೆಂಡ್ ಐರ್ಲೆಂಡಿನವರು ಈಗಲೂ ಸೇರಿ ಕುಣಿಯುವ ಕೂಟದ ಮನೆ. ಬೌಡಿಕಾ ರೋಮನ್ನರ ಮೇಲೆ ಎದ್ದದ್ದು ಕ್ರಿ.ಶ. 60ರ ಸುಮಾರಿಗೆ! ಮನೆಗಳ ವಿಷಯವೂ ಹಾಗೆಯೇ: ಬ್ರಿಟನ್ನಿನಲ್ಲಿ ದುಂಡು ಮನೆ, ಗಾಲ್‌ನಲ್ಲಿ ಹೆಚ್ಚಾಗಿ ಚೌಕಾಕಾರದ ಮನೆ. ಎರಡನ್ನೂ ಬೆರೆಸುವ ಆಟಗಳೇ ಹೆಚ್ಚು.

ನಾನು ಏಡುಯಿ ಎಂಬ ಬುಡಕಟ್ಟನ್ನು ಆರಿಸಿಕೊಂಡೆ, ಇಂದಿನ ಫ್ರಾನ್ಸಿನ ಬರ್ಗಂಡಿ ಕಡೆಯವರು. ಆಟ ಶುರುವಾಗುವುದು ಕ್ರಿ.ಪೂ. 270ಕ್ಕೆ. ಗಾಲ್‌ನ ದೊಡ್ಡ ಕೋಟೆ ಪಟ್ಟಣಗಳು ಹುಟ್ಟಿದ್ದು ಅದಕ್ಕಿಂತ ನೂರೈವತ್ತು ವರ್ಷ ಈಚೆಗೆ. ಹಾಗಾಗಿ ಆರಂಭದ ವರ್ಷವನ್ನೇ ಕ್ರಿ.ಪೂ. 120ಕ್ಕೆ ತಂದೆ, ಅದರ ಹಿಂದಿನ ವರ್ಷವಷ್ಟೇ ರೋಮನ್ನರು ಅರ್ವೆರ್ನಿ ಎಂಬ ಇನ್ನೊಂದು ಗಾಲ್ ಬುಡಕಟ್ಟನ್ನು ಸೋಲಿಸಿದ್ದರು. ಇಡೀ ಗಾಲ್ ಒಬ್ಬನೇ ನಾಯಕನ ಕೈಯಲ್ಲಿರುವುದಂತೂ ಶುದ್ಧ ಕಟ್ಟುಕತೆ. ಊರೂರಿಗೆ, ಮನೆಮನೆಗೆ ಎರಡು ಬಣ ಅಂತ ಗಾಲ್ ಗೆದ್ದ ರೋಮನ್ ದಂಡನಾಯಕ ಸೀಸರನೇ ಬರೆದಿದ್ದಾನೆ. ಏಡುಯಿಗಳ ನೆಲ ಬಿಟ್ಟು ಮಿಕ್ಕ ಊರುಗಳನ್ನೆಲ್ಲ ಸ್ವತಂತ್ರ ಪಕ್ಷಕ್ಕೆ ಬರೆದುಕೊಟ್ಟೆ.

ಆಮೇಲೆ ಯೂನಿಟ್ ಫೈಲು. ಬೆತ್ತಲೆ ವೀರರನ್ನು ತೆಗೆದೆ. ಪರೀಕ್ಷೆಗೆ ಆಡಿಸಿದ ಗೆಳೆಯ, "ಮಾರಾಯಾ, ಅವರಿಲ್ಲದೆ ಗಾಲ್ ಎಂಥ ಗಾಲ್?" ಅಂದ. ಅವರು ಸುಳ್ಳಲ್ಲ. ಕ್ರಿ.ಪೂ. 225ರ ಟೆಲಮನ್ ಯುದ್ಧದಲ್ಲಿ ಗೇಸಾಟೆ ಎಂಬ ಪಡೆ ಬಟ್ಟೆ ಕಳಚಿಟ್ಟು ಎದುರು ನಿಂತದ್ದನ್ನು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ವರ್ಣಿಸುತ್ತಾನೆ. ಆದರೆ ಅವರು ಆಲ್ಪ್ಸ್ ಮತ್ತು ರೋನ್ ನದಿ ಕಡೆಯಿಂದ ದುಡ್ಡಿಗೆ ಬಂದವರು. ಪಕ್ಕದಲ್ಲೇ ನಿಂತ ಬೋಯಿ, ಇನ್ಸುಬ್ರೆ ಜನ ಪ್ಯಾಂಟು ತೊಟ್ಟು ಮೇಲೆ ಹೊದಿಕೆ ಹೊದ್ದಿದ್ದರು ಅಂತಲೂ ಅದೇ ಪುಟದಲ್ಲಿದೆ. ಆಟ ಮಾಡುವವರಿಗೆ ಅದೊಂದು ಕಣ್ಣಿಗೆ ಬೀಳುವುದೇ ಇಲ್ಲ. ನೂರು ವರ್ಷ ಹಿಂದಿನ ಬಾಡಿಗೆ ಪಡೆಯನ್ನು ನನ್ನ ಏಡುಯಿಗಳ ತಲೆಗೆ ಕಟ್ಟಲು ನನಗೆ ಮನಸ್ಸಾಗಲಿಲ್ಲ.

ಕವಚದ ಸಾಲು ನೋಡಿ. ಮೊದಲ ಸಂಖ್ಯೆ ಕವಚ, ಎರಡನೆಯದು ಕೈಚಳಕ, ಮೂರನೆಯದು ಗುರಾಣಿ, ಕೊನೆಗೆ ಏಟು ಬಿದ್ದಾಗ ಬರಬೇಕಾದ ಸದ್ದು: ಮಾಂಸದ್ದೋ, ತೊಗಲಿನದೋ, ಲೋಹದ್ದೋ. ಗಾಲ್‌ನ ಸಾಹುಕಾರ ಯೋಧರಿಗೆ ನಾನು ಲೋಹ ಹಾಕಿದೆ. ಕಬ್ಬಿಣದ ಬಳೆ ಹೆಣೆದ ಅಂಗಿಯನ್ನು ಮೊದಲು ಮಾಡಿದವರೇ ಗಾಲರು ಅಂತ ರೋಮನ್ ವಿದ್ವಾಂಸ ವಾರೋ ಬರೆದಿಟ್ಟಿದ್ದಾನೆ. ರೊಮೇನಿಯಾದ ಚುಮೆಷ್ಟಿಯಲ್ಲಿ ಒಬ್ಬ ಕೆಲ್ಟ್ ನಾಯಕನ ಗೋರಿಯಲ್ಲಿ ಅಂಥ ಅಂಗಿಯೂ, ರೆಕ್ಕೆ ಬಡಿಯುವ ಹಕ್ಕಿಯನ್ನು ನೆತ್ತಿಯ ಮೇಲೆ ಕೂರಿಸಿದ ಶಿರಸ್ತ್ರಾಣವೂ ಸಿಕ್ಕಿವೆ. ರೋಮನ್ನರು ತೊಟ್ಟದ್ದು ಗಾಲರ ಅಂಗಿ, ಆಟದಲ್ಲಿ ಮಾತ್ರ ತಿರುಗುಮುರುಗು. ಅಂಗಿ ದುಬಾರಿಯಾದ್ದರಿಂದ ಬೆಲೆಯನ್ನೂ ಏರಿಸಿದೆ. ಸಾಮಾನ್ಯ ಆಳಿಗೆ ಉದ್ದ ಗುರಾಣಿ, ಭರ್ಜಿ, ಅಷ್ಟೇ.

ಯುದ್ಧರಥ ಆಟದಲ್ಲಿ ಬ್ರಿಟನ್ನರಿಗಿದೆ, ಗಾಲ್ ಪಕ್ಷಕ್ಕಿಲ್ಲ; ಅದನ್ನು ಹಾಗೆಯೇ ಬಿಟ್ಟೆ. ಸೀಸರ್ ಯುದ್ಧರಥ ಕಂಡದ್ದು ಅಲ್ಲಿ. ಗಾಲ್‌ನ ಪ್ರಮುಖರಿಗೆ ಅದು ಮೆರವಣಿಗೆಯ ವಸ್ತು; ಲುವೆರ್ನಿಯಸ್ ಎಂಬ ಅರ್ವೆರ್ನಿ ದೊರೆ ರಥದಲ್ಲಿ ನಿಂತು ಜನರತ್ತ ಚಿನ್ನ ಬೆಳ್ಳಿ ತೂರುತ್ತ ಹೋದನಂತೆ.

ಊರಿನ ಕೆಲಸ ಎಲ್ಲಕ್ಕಿಂತ ಖುಷಿ ಕೊಟ್ಟಿತು. ಏಡುಯಿಗಳ ಬಿಬ್ರಾಕ್ಟೆ ಇದ್ದದ್ದು ಇಂದಿನ ಮೋಂ ಬೂವ್ರೇ ಬೆಟ್ಟದ ಮೇಲೆ. ಒಳಗೋಟೆಯೊಳಗೇ ಸುಮಾರು 135 ಹೆಕ್ಟೇರ್. ಕಮ್ಮಾರರ ಕೇರಿ, ಕಂಚಿನ ಮೇಲೆ ಎನಾಮೆಲ್ ಕೂರಿಸುವವರ ಕೇರಿ, ಇಟಲಿಯ ವೈನ್ ಜಾಡಿಗಳ ಚೂರುಗಳ ರಾಶಿ. ಊರಿನ ಹಂತ ಏರಿಸಲು ಹೋಗಲಿಲ್ಲ, ಯುದ್ಧದ ನಕ್ಷೆಯಲ್ಲಿ ಅಷ್ಟು ದೊಡ್ಡ ಗಾಲ್ ಊರಿನ ಮಾದರಿಯೇ ಇಲ್ಲ. ಬದಲಿಗೆ ಕಟ್ಟಡಗಳ ಫೈಲಿನಲ್ಲಿ ಹೊಸ ಸರಣಿ ಸೇರಿಸಿದೆ: ಎನಾಮೆಲ್ ಕೇರಿ, ವೈನ್ ಮಂಡಿ, ಸುಂಕದ ಕಟ್ಟೆ. ಸುಂಕದ ಕಟ್ಟೆ ನನ್ನ ಕಲ್ಪನೆಯಲ್ಲ. ಡಮ್ನೊರಿಕ್ಸ್ ಎಂಬ ಏಡುಯಿ ಮುಖಂಡ ತನ್ನ ಜನರ ಸುಂಕದ ಗುತ್ತಿಗೆಯನ್ನು ವರ್ಷಗಟ್ಟಲೆ ಅಗ್ಗಕ್ಕೆ ಹಿಡಿದಿದ್ದ. ಹರಾಜಿನಲ್ಲಿ ಅವನು ಕೂಗಿದ ಮೇಲೆ ಎದುರು ಕೂಗಲು ಯಾರಿಗೂ ಎದೆಯಿರಲಿಲ್ಲ. ಈ ಟೆಂಡರ್ ಕತೆಯನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ. ವೈನ್, ಗುಲಾಮರು ಎರಡೂ ಆಟದ ಸರಕುಪಟ್ಟಿಯಲ್ಲಿ ಮೊದಲೇ ಇದ್ದವು. ಒಂದು ಜಾಡಿ ವೈನಿಗೆ ಒಬ್ಬ ಆಳನ್ನು ಗಾಲರು ಕೊಡುತ್ತಿದ್ದರು ಅಂತ ಗ್ರೀಕ್ ಇತಿಹಾಸಕಾರ ಡಯಡೋರಸ್ ಹೇಳಿದ್ದನ್ನು ನೆನೆದು, ನದಿ ದಾರಿಗಳಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟೆ.

ಕೋಟೆಗೋಡೆಗೂ ಕೈ ಹಾಕಿದೆ. ಗಾಲರ ಗೋಡೆಯನ್ನು ಸೀಸರ್ ಅವಾರಿಕಮ್ ಎಂಬ ಗಾಲ್ ಪಟ್ಟಣದಲ್ಲಿ ಕಂಡು ಕೂಲಂಕಷವಾಗಿ ಬರೆದಿದ್ದಾನೆ: ನಲವತ್ತು ಅಡಿಯ ತೊಲೆಗಳನ್ನು ಗೋಡೆಗೆ ಅಡ್ಡಲಾಗಿ ಎರಡೆರಡು ಅಡಿ ಬಿಟ್ಟು ಮಲಗಿಸಿ, ಒಳಗೆ ಕಟ್ಟಿ ಬಿಗಿದು, ಮಣ್ಣು ತುಂಬಿ, ಮುಂದೆ ಕಲ್ಲು ಕೂರಿಸುವುದು. ಕಲ್ಲಿನಿಂದ ಬೆಂಕಿ ತಾಗದು, ತೊಲೆಯಿಂದ ಟಗರುತೊಲೆಯ ಗುದ್ದು ನಾಟದು. ತೊಲೆಗಳು ಕೂಡುವಲ್ಲಿ ಹೊಡೆದ ಗೇಣುದ್ದದ ಕಬ್ಬಿಣದ ಮೊಳೆಗಳು ಅಗೆತದಲ್ಲಿ ಸಿಕ್ಕಿವೆ. ಸೀಸರ್ ಅವುಗಳ ಮಾತೆತ್ತಿಲ್ಲ. ಗೋಡೆಯ ಚಿತ್ರ ಬದಲಿಸಲು ನನ್ನಿಂದಾಗಲಿಲ್ಲ, ಕಸುವಿನ ಅಂಕಿ ಮಾತ್ರ ಏರಿಸಿದೆ. ಈಗ ಗುದ್ದುವವನ ತಾಳ್ಮೆ ಕೆಡುವಷ್ಟು ಹೊತ್ತು ನಿಲ್ಲುತ್ತದೆ.

ಡ್ರೂಯಿಡರನ್ನು, ಅಂದರೆ ಕೆಲ್ಟರ ಪುರೋಹಿತರನ್ನು, ರಣರಂಗದಿಂದ ಎಬ್ಬಿಸಿ ನಾಯಕರ ಪರಿವಾರಕ್ಕೆ ಸೇರಿಸಿದೆ, ನ್ಯಾಯಕ್ಕೂ ವರ್ಚಸ್ಸಿಗೂ ಅಂಕ ಸಿಗುವ ಹಾಗೆ. ಅವರಿಗೆ ಯುದ್ಧದಿಂದಲೂ ಕಂದಾಯದಿಂದಲೂ ವಿನಾಯಿತಿ ಇತ್ತು. ಆದರೂ ಹೆಸರು ಹಿಡಿದು ನಮಗೆ ಗೊತ್ತಿರುವ ಡ್ರೂಯಿಡ್, ಡಮ್ನೊರಿಕ್ಸನ ಅಣ್ಣ ಡಿವಿಷಿಯಾಕಸ್, ಸೀಸರನ ಪರವಾಗಿ ಸೈನ್ಯ ನಡೆಸಿದವನು. ಅವನಿಗಾಗಿ ಒಂದು ಅಪವಾದ ಬರೆದೆ.

ಕೊನೆಗೆ ವರ್ಗೊಬ್ರೆಟ್. ಏಡುಯಿಗಳಿಗೆ ರಾಜನಿರಲಿಲ್ಲ, ವರ್ಷಕ್ಕೊಬ್ಬ ಚುನಾಯಿತ ಅಧಿಕಾರಿ. ಜೀವ ತೆಗೆಯುವ ಅಧಿಕಾರ ಅವನಿಗಿತ್ತು, ಗಡಿ ದಾಟುವ ಹಕ್ಕು ಇರಲಿಲ್ಲ. ಕ್ರಿ.ಪೂ. 52ರಲ್ಲಿ ಕೋಟಸ್, ಕನ್ವಿಕ್ಟೊಲಿಟಾವಿಸ್ ಇಬ್ಬರೂ ತಾನೇ ಗೆದ್ದವನು ಅಂತ ಕೂತಾಗ, ಅವರು ಹೊರಗೆ ಬರುವಂತಿಲ್ಲವೆಂದು ಸೀಸರನೇ ಅವರ ನೆಲಕ್ಕೆ ಹೋಗಿ ಪಂಚಾಯ್ತಿ ಮಾಡಬೇಕಾಯಿತು. ಕೋಟಸನ ಅಣ್ಣನೋ ತಮ್ಮನೋ ಹಿಂದಿನ ವರ್ಷದ ವರ್ಗೊಬ್ರೆಟ್. ಇಬ್ಬರೂ ಬದುಕಿರುವಾಗ ಒಂದೇ ಮನೆಯ ಇಬ್ಬರಿಗೆ ಆ ಹುದ್ದೆ ಕೂಡದು ಎಂಬ ಕಾನೂನಿತ್ತು. ಕೋಟಸ್ ಇಳಿಯಬೇಕಾಯಿತು.

ಆಟದಲ್ಲಿ ವಂಶವೃಕ್ಷವೇ ಅಧಿಕಾರದ ದಾರಿ, ಅದು ಎಂಜಿನ್ನಿನೊಳಗೆ ಹೂತಿದೆ, ಅಲುಗಿಸಲಾಗದು. ನಾನು ಹುದ್ದೆಯನ್ನು ಗುಣಲಕ್ಷಣವಾಗಿ ಬರೆದೆ: ಸಭಾಭವನವಿರುವ ಊರಿನಲ್ಲಿ ಸರದಿ ಮುಗಿಸಿದ ನಾಯಕನಿಗೆ ಬರಬಹುದು, ಎರಡು ಸರದಿ, ಅಂದರೆ ಆಟದ ಒಂದು ವರ್ಷ ಕಳೆದರೆ ಹೋಗುತ್ತದೆ. ಇದ್ದಷ್ಟು ಹೊತ್ತು ತೆರಿಗೆ ಹೆಚ್ಚು, ನಡಿಗೆ ತೀರಾ ಕಡಿಮೆ. 52ರ ಪದ್ಧತಿಯನ್ನು 120ಕ್ಕೆ ಎಳೆದದ್ದು ನನ್ನ ಊಹೆ, ಅದನ್ನು ಆಟದ ವಿವರಣೆಯಲ್ಲೇ ಬರೆದಿದ್ದೇನೆ. ಆಡುವವರು ಬೇಗ ಕಲಿಯುತ್ತಾರೆ: ವರ್ಗೊಬ್ರೆಟನನ್ನು ಮನೆಯಲ್ಲಿ ಬಿಟ್ಟು ಸೈನ್ಯಕ್ಕೆ ಬೇರೆಯವನನ್ನು ಕಳಿಸುತ್ತಾರೆ. ಕಂಪ್ಯೂಟರ್ ಕಲಿಯುವುದಿಲ್ಲ. ಏಡುಯಿ ಪಕ್ಷವನ್ನು ಅದರ ಕೈಗೆ ಕೊಟ್ಟರೆ ಇಡೀ ದಂಡನ್ನು ಆ ಕಾಲೆಳೆದು ನಡೆಯುವ ಮನುಷ್ಯನ ಹಿಂದೆಯೇ ಹೊರಡಿಸುತ್ತದೆ, ಬೇಸಗೆ ಮುಗಿದರೂ ದಂಡು ಗಡಿ ಮುಟ್ಟಿರುವುದಿಲ್ಲ.